ಸುಗುಣತ್ತೆಗೆ ಗುಣವಾದ ಬೇಸಿಗೆ

ಹೋದ ವರ್ಷ ಮದುವೆಯೊಂದಕ್ಕೆ ರಾಯಚೂರಿಗೆ ಹೋಗಿದ್ದಾಗ ಕನ್ನಡಕದ ಕಡ್ಡಿ ಮುರಿದುಕೊಂಡು ತೀನ್ ಕಂದೀಲ್ ಚೌಕದ ಹತ್ತಿರದ ಅಂಗಡಿಗೆ ಹೋದೆ. ಸ್ವಲ್ಪ ಹೊತ್ತು ಬಿಟ್ಟು ಬರ್ರಿ ಅಂದರು. ನೆರಳು ಹುಡುಕುತ್ತ ಹಿಂದಿನ ಗಲ್ಲಿಗೆ ಹೊಕ್ಕರೆ ಒಂದು ಮನೆಯ ಪಡಸಾಲೆಯಲ್ಲಿ ಹಳೆಯ ಮುದ್ರಣಯಂತ್ರವನ್ನು ಗುಜರಿಗೆ ಹಾಕಲು ಬಿಚ್ಚುತ್ತಿದ್ದರು. ಸೀಮೆಎಣ್ಣೆ, ಮಸಿ, ಕಾದ ಕಬ್ಬಿಣ ಮೂರೂ ಕಲೆತ ವಾಸನೆ ಮೂಗಿಗೆ ಬಡಿಯಿತು.  ಆ ವಾಸನೆ ನನ್ನನ್ನು ಎಲ್ಲಿಗೆ ಎಳೆದೊಯ್ಯುತ್ತದೆಂದು ನನಗೆ ಗೊತ್ತಿತ್ತು.

ಅದು ತುರ್ತು ಪರಿಸ್ಥಿತಿ ಮುಗಿದ ಮರುವರ್ಷದ ಬೇಸಿಗೆ. ಊರೂರಿನ ಗೋಡೆಗಳ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಇನ್ನೂ ಮಾಸಿರಲಿಲ್ಲ. ನಾನು ಶಿಕ್ಷಕಿಯರ ತರಬೇತಿ ಮುಗಿಸಿ, ಫಲಿತಾಂಶಕ್ಕೆ ಕಾಯುತ್ತ ಮಾನ್ವಿಯ ಮನೆಯಲ್ಲಿದ್ದೆ. ನನಗಿದ್ದ ಕೆಲಸ ಒಂದೇ: ಅಪ್ಪನ ನಾಲ್ಕನೆಯ ಪುಸ್ತಕದ ಕರಡು ತಿದ್ದುವುದು. ರಾಯಚೂರಿನ ಪ್ರೆಸ್ಸಿನಿಂದ ಉದ್ದುದ್ದ ಹಾಳೆಗಳು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬರುತ್ತಿದ್ದವು. ಮಸಿ ಇನ್ನೂ ಹಸಿಯಾಗಿರುತ್ತಿತ್ತು. ತಿದ್ದಿ ಮುಗಿಸುವಷ್ಟರಲ್ಲಿ ನನ್ನ ಅಂಗೈ ಕಪ್ಪಾಗಿರುತ್ತಿತ್ತು.

ಅಪ್ಪನ ಹೆಸರು ಜೀವರತ್ನಪ್ಪ. ಮಾನ್ವಿಯ ಪ್ರೌಢಶಾಲೆಯಲ್ಲಿ ಚರಿತ್ರೆ ಕಲಿಸುತ್ತಿದ್ದ. ಹುಟ್ಟಿದ್ದು ಸಿರವಾರದ ಹೊರಗಿನ ಕೇರಿಯಲ್ಲಿ. ನಮ್ಮಜ್ಜ ಚರ್ಮ ಹದ ಮಾಡುತ್ತಿದ್ದವನು, ನಡುವಯಸ್ಸಿನಲ್ಲಿ ಕ್ರೈಸ್ತನಾದವನು. ಅಪ್ಪ ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಓದಿದ್ದರಿಂದ ಬದುಕಿಡೀ ಕನ್ನಡದಲ್ಲಿ ಬರೆದರೂ ಲೆಕ್ಕ ಹಾಕುವಾಗ ಮಾತ್ರ ಏಕ್, ದೋ, ತೀನ್ ಎಂದೇ ಗೊಣಗುತ್ತಿದ್ದ.

ಅವನು ಬರಹಗಾರನಾದದ್ದು ಒಂದು ಅವಮಾನದಿಂದ. ಶಾಲೆಯ ಕೊಠಡಿಯಲ್ಲಿ ಜೊತೆಯ ಮೇಷ್ಟ್ರೊಬ್ಬರು ನಗುತ್ತಲೇ, "ಮಾಸ್ತರ, ನಿಮ್ಮ ಮಂದಿ ಮಿಶನ್ನಿನ ಹಾಲಿನ ಪುಡಿಗೆ ಮತ ಬಿಟ್ರು, ಹೌದಿಲ್ಲೋ?" ಅಂದರಂತೆ. ಅಪ್ಪ ಜಗಳವಾಡಲಿಲ್ಲ. ಮನೆಗೆ ಬಂದು ಊಟ ಬಿಟ್ಟು ಕೂತ. ಮರುವರ್ಷ 'ಹಾಲಿನ ಪುಡಿಗಲ್ಲ' ಎಂಬ ಪುಸ್ತಕ ಹೊರಬಂತು. ಮೊದಲ ಪ್ರತಿಯನ್ನು ಅದೇ ಮೇಷ್ಟ್ರ ಕೈಯಲ್ಲಿಟ್ಟು, "ನೀವು ಕೇಳಿದ್ರಿ ಅಂತ ಬರದೀನ್ರಿ" ಎಂದ. ಆಮೇಲೆ ಯೇಸು ಸತ್ತು ಎದ್ದದ್ದಕ್ಕೆ ಸಾಕ್ಷಿ ಏನು ಎಂದು ವಾದಿಸುವ 'ಬರಿದಾದ ಗೋರಿ' ಬಂತು. ಮೂರನೆಯದು 'ಒಳ್ಳೆಯ ದೇವರಿದ್ದರೆ'. ಅದನ್ನು ಬರೆದದ್ದು ನನ್ನ ತಮ್ಮ ದಾನಿಯೇಲ ಜ್ವರದಲ್ಲಿ ಹೋದ ವರ್ಷ. ಅವನ ಹಾಸಿಗೆಯ ಸುತ್ತ ನಮ್ಮ ಚರ್ಚಿನ ಇಡೀ ಸಭೆಯೇ ಪ್ರಾರ್ಥನೆಗೆ ಮೊಣಕಾಲೂರಿತ್ತು. ಅವನು ಉಳಿಯಲಿಲ್ಲ. ಆ ಪುಸ್ತಕದಲ್ಲಿ ಅಪ್ಪ ಮಗನ ಹೆಸರನ್ನು ಒಂದು ಕಡೆಯೂ ಬರೆದಿಲ್ಲ. 

ಅವನಿಗೊಂದು ಅಭ್ಯಾಸವಿತ್ತು. ಎದುರಾಳಿಯ ವಾದವನ್ನು ಬರೆದ ಮೇಲೆ ಆ ಎದುರಾಳಿಯ ಮನೆಗೇ ಹೋಗಿ ಓದಿ ಹೇಳುತ್ತಿದ್ದ. "ನಿಮ್ಮ ಮಾತು ಸರಿಯಾಗಿ ಬರದೀನೇನ್ರಿ? ಸಣ್ಣದು ಮಾಡಿಲ್ಲಲ್ಲ?" ಅವರು ಹೌದು ಅಂದ ಮೇಲೆಯೇ ಉತ್ತರ ಬರೆಯುತ್ತಿದ್ದ. ಪ್ರೆಸ್ಸಿನ ಮೆಹಬೂಬ್ ಸಾಬರಂತೂ ಐದು ಹೊತ್ತು ನಮಾಜು ಬಿಡದ ಮನುಷ್ಯ. ಅಪ್ಪನ ಅರ್ಧ ಮಾತುಗಳನ್ನು ಒಪ್ಪದೆಯೇ ಅಕ್ಕರೆಯಿಂದ ಅಚ್ಚು ಹಾಕುತ್ತಿದ್ದರು. "ನಿಮ್ಮ ಕಿತಾಬಿಗೆ ಜವಾಬು ನಾ ಬರೀಬೇಕು ಮಾಸ್ತರ್ ಸಾಬ್. ಏನ್ ಮಾಡಲಿ, ನಿಮ್ಮ ಕಿತಾಬು ಛಾಪಿಸೋದ್ರಾಗ ನನಗ ಫುರಸತ್ತೇ ಸಿಗವಲ್ದು" ಎನ್ನುತ್ತಿದ್ದರು.

ನಾಲ್ಕನೆಯ ಪುಸ್ತಕದ ಹೆಸರು 'ಅದ್ಭುತ ನಡೆಯುತ್ತದೆಯೇ?' ಪವಾಡ ಅಂದರೆ ಏನು, ಅದನ್ನು ನಂಬಲು ಎಂಥ ಸಾಕ್ಷಿ ಬೇಕು ಎಂಬ ವಾದ. ಕೊನೆಯ ಅಧ್ಯಾಯವೊಂದು ಬಿಟ್ಟು ಎಲ್ಲ ಪುಟಗಳ ಅಚ್ಚಿನ ಮೊಳೆ ಜೋಡಣೆಯಾಗಿತ್ತು. ಮೇ ತಿಂಗಳ ಕೊನೆಗೆ ರಾಯಚೂರಿನಲ್ಲಿ ನಡೆಯುವ ದೊಡ್ಡ ಸಭೆಯಲ್ಲಿ ಬಿಡುಗಡೆ ಎಂದು ನಮ್ಮ ಪಾಸ್ಟರ್ ಸತ್ಯಾನಂದ ಅಯ್ಯನವರು ಗೊತ್ತುಮಾಡಿದ್ದರು.

ಅಷ್ಟರಲ್ಲಿ ದೇವದುರ್ಗದಿಂದ ಸುದ್ದಿ ಬಂತು. ಸುಗುಣತ್ತೆಗೆ ಗುಣವಾಯಿತು.

ಸುಗುಣತ್ತೆ ಅಪ್ಪನ ಒಬ್ಬಳೇ ತಂಗಿ. ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ದೇವದುರ್ಗದ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡಿಕೊಂಡಿದ್ದಳು. ಹಿಂದಿನ ದೀಪಾವಳಿ ಹೊತ್ತಿಗೆ ಅವಳ ಕೆಮ್ಮಿನಲ್ಲಿ ರಕ್ತ ಬಿದ್ದಿತ್ತು. ಕ್ಷಯ ಅಂದರು. ಅಡುಗೆಮನೆಯಿಂದ ಬಿಡಿಸಿದರು. ಸರ್ಕಾರಿ ದವಾಖಾನೆಯಲ್ಲಿ ಇಂಜೆಕ್ಷನ್ನು, ಗುಳಿಗೆ ಶುರುವಾಗಿತ್ತು. ಏಪ್ರಿಲ್ಲಿನಲ್ಲಿ ಆಂಧ್ರದ ಕಡೆಯ ಬೋಧಕನೊಬ್ಬ ದೇವದುರ್ಗಕ್ಕೆ ಬಂದು ಬಯಲಿನಲ್ಲಿ ಶಾಮಿಯಾನ ಹಾಕಿಸಿ ರೋಗಿಗಳ ಮೇಲೆ ಕೈಯಿಟ್ಟು ಪ್ರಾರ್ಥಿಸಿದ. ಅತ್ತೆಯನ್ನು ವೇದಿಕೆಗೆ ಕರೆದ. ಅವಳು ಗುಣವಾದೆ ಅಂದಳು. ಜನ ಚಪ್ಪಾಳೆ ತಟ್ಟುತ್ತಿದ್ದಾಗಲೇ ಸೆರಗಿನ ಗಂಟಿನಲ್ಲಿದ್ದ ಗುಳಿಗೆಗಳನ್ನು ತೆಗೆದು ಮಣ್ಣಿಗೆ ಚೆಲ್ಲಿದಳಂತೆ.

ಈ ಸುದ್ದಿಯನ್ನು ತಂದವರು ಪಾಸ್ಟರ್ ಅಯ್ಯನವರೇ. ಸೈಕಲ್ಲು ಗೋಡೆಗೆ ಒರಗಿಸುವ ಮೊದಲೇ ಕೂಗಿದರು. "ಮಾಸ್ತರ, ನಿಮ್ಮ ಕೊನೀ ಅಧ್ಯಾಯ ದೇವರೇ ಬರದಾನ! ಇಷ್ಟ್ ವರ್ಷ ಎಲ್ಲೋ ದೂರದ ಸಾಕ್ಷಿ ಹೇಳಿದ್ರಿ. ಈಗ ನಿಮ್ಮ ಮನಿ ಮಗಳ ಸಾಕ್ಷಿ ಅದ. ರಾಯಚೂರಾಗ ಆಕಿನ್ನ ವೇದಿಕೀ ಮ್ಯಾಲ ನಿಲ್ಲಸೋಣ, ಕೈಯಾಗ ನಿಮ್ಮ ಪುಸ್ತಕ ಕೊಡೋಣ."

ಅವ್ವ ಕಣ್ಣೊರೆಸಿಕೊಂಡು ದೇವರಿಗೆ ಸ್ತೋತ್ರ ಅಂದಳು. ಅಪ್ಪ ಎದ್ದು ನಿಂತಿದ್ದ. ಅವನ ಮುಖದಲ್ಲಿ ಸಂತೋಷ ಬಂತು, ನಾನು ಕಣ್ಣಾರೆ ಕಂಡೆ. ಬಂದು ಅರೆಗಳಿಗೆ ನಿಂತಿತು. ಆಮೇಲೆ ಕೇಳಿದ. "ಎಕ್ಸ್‌ರೇ ಫೋಟೋ ತಗಸಿದ್ರೇನ್ರಿ, ಎದೀದು?"

ಪಾಸ್ಟರ್ ಅಯ್ಯನವರ ಮುಖ ಬಿದ್ದುಹೋಯಿತು.

ಮರುದಿನವೇ ಅಪ್ಪ, ನಾನು ಸಿರವಾರದ ಮೇಲೆ ಹೋಗುವ ಬಸ್ಸು ಹಿಡಿದು ದೇವದುರ್ಗಕ್ಕೆ ಹೋದೆವು. ಕಾಲುವೆಯ ನೀರು ಬರುವುದು ನಿಂತು ಗದ್ದೆಗಳು ಬಾಯಿಬಿಟ್ಟುಕೊಂಡಿದ್ದವು. ಕಿಟಕಿಯಿಂದ ಬರುವ ಗಾಳಿ ಬೆಂಕಿಯ ಮುಂದೆ ಮುಖ ಹಿಡಿದಂತಿತ್ತು. ದಾರಿಯುದ್ದಕ್ಕೂ ಅಪ್ಪ ತುಟಿ ಅಲ್ಲಾಡಿಸುತ್ತಿದ್ದ. ಪ್ರಾರ್ಥನೆಯೋ ವಾದವೋ ತಿಳಿಯಲಿಲ್ಲ.

ಅತ್ತೆ ಹಾಸ್ಟೆಲ್ಲಿನ ಹಿಂದಿನ ಒಂಟಿ ಕೋಣೆಯಲ್ಲಿದ್ದಳು. ಬೇಸಿಗೆ ರಜೆಯಾದ್ದರಿಂದ ಹುಡುಗಿಯರಿರಲಿಲ್ಲ. ಅವಳನ್ನು ನೋಡಿ ನನಗೆ ಅಳು ಬಂತು, ಅಷ್ಟು ಚೆಂದ ಕಂಡಳು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು, ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು, ಚಳಿಗಾಲದಲ್ಲಿ ಕುಸಿದಿದ್ದ ಕೆನ್ನೆ ತುಸು ತುಂಬಿಕೊಂಡಿತ್ತು. ರೊಟ್ಟಿ ಬಡಿಯುತ್ತಲೇ ವೇದಿಕೆಯ ಕಥೆಯನ್ನೆಲ್ಲ ಹೇಳಿದಳು. ಅಪ್ಪ ತಾಳ್ಮೆಯಿಂದ ಕೇಳಿ ಮುಗಿಸಿ, "ಸುಗುಣೀ, ಒಂದು ಸಲ ರಾಯಚೂರಿಗೆ ಹೋಗಿ ಫೋಟೋ ತಗಸೋಣ ನಡಿ. ಗುಣ ಆಗಿದ್ರ ಫೋಟೋದಾಗ ಕಾಣ್ತದ. ನಾ ಅದನ್ನ ನನ್ನ ಕೈಯಾರೆ ಬರೀತೀನಿ" ಎಂದ.

ರೊಟ್ಟಿ ಬಡಿಯುತ್ತಿದ್ದ ಅವಳ ಕೈ ಹಾಗೆಯೇ ನಿಂತಿತು.

"ಇಡೀ ಮಂದಿಗೆ ನಂಬ್ರಿ ನಂಬ್ರಿ ಅಂತ ಬರೀತಿ. ನನ್ನ ಮಾತು ನಂಬಂಗಿಲ್ಲೇನಣ್ಣಾ?"

"ನಿನ್ನ ನಂಬ್ತೀನಿ. ಬ್ಯಾನಿ ಹೋಗ್ಯದ ಅನ್ನೋದನ್ನ ನೋಡಬೇಕು."

"ದೇವ್ರನ್ನ ಪರೀಕ್ಷೆ ಮಾಡ್ತಿಯೇನು?"

"ಗಾಯ ಮುಟ್ಟಿ ನೋಡ್ತೀನಿ ಅಂದ ಶಿಷ್ಯನ್ನ ಯೇಸುಸ್ವಾಮಿ ಹೊರಗ ಹಾಕಲಿಲ್ಲಲ್ಲವ್ವಾ. ನೋಡು ಅಂತ ಕೈ ಮುಂದ ಚಾಚಿದ."

"ನನ್ನ ಎದೀ ಗಾಯ ನಿನಗ ತೋರಸೋದಿಲ್ಲ ಹೋಗು," ಅಂದು ಅವಳು ಒಲೆಯ ಕಡೆ ಮುಖ ತಿರುಗಿಸಿದಳು. ಅಪ್ಪ ಒತ್ತಾಯ ಮಾಡಲಿಲ್ಲ. ಹೊರಡುವಾಗ ನನ್ನನ್ನು ಅಲ್ಲಿಯೇ ಬಿಟ್ಟು, "ನಾಕು ದಿನ ಅತ್ತಿ ಕೂಡ ಇರು" ಎಂದಷ್ಟೇ ಹೇಳಿದ.

ಆ ದಿನಗಳಲ್ಲಿ ನಾನು ಅತ್ತೆಯ ಇನ್ನೊಂದು ಬದುಕನ್ನು ನೋಡಿದೆ. ಬೆಳಗಾದರೆ ಗುಣವಾದವಳನ್ನು ನೋಡಲು ಹೆಂಗಸರು ಬರುತ್ತಿದ್ದರು, ಮೂಲೆಯ ಹಳ್ಳಿಗಳಿಂದ ಕೂಸುಗಳನ್ನು ಎತ್ತಿಕೊಂಡು. ಕುರಿ ಕಾಯುವ ಮನೆಯ ಮುದುಕಿಯೊಬ್ಬಳು ಹಾಲು ತಂದಿಟ್ಟು ಕಾಲಿಗೆ ಬೀಳಲು ಬಂದಳು. ಅತ್ತೆ ಅವಳನ್ನು ಹಿಡಿದೆತ್ತಿ, "ಬ್ಯಾಡ ಯವ್ವಾ, ನಾ ಏನೂ ಅಲ್ಲ" ಎಂದಳು. ಭಾನುವಾರ ಸಭೆಯ ಊಟಕ್ಕೆ ಅವಳೇ ಅಡುಗೆ ಮಾಡಿದಳು. ಎಲ್ಲರೂ ಸಾಲಾಗಿ ಕೂತು ಉಂಡರು. ಅವಳು ಸೌಟು ಹಿಡಿದು ಪಂಕ್ತಿಯ ನಡುವೆ ಓಡಾಡುವುದನ್ನು ನೋಡಿದರೆ ಮದುವೆಮನೆಯ ಯಜಮಾನಿಯನ್ನು ನೋಡಿದಂತಿತ್ತು. ಹಾಸ್ಟೆಲ್ಲಿನ ಮೇಲ್ವಿಚಾರಕಿಯೂ ಅಲ್ಲಿಗೆ ಬಂದು ಉಂಡು, ಜೂನಿನಲ್ಲಿ ಶಾಲೆ ತೆರೆದಾಗ ಮತ್ತೆ ಅಡುಗೆಗೆ ಬಾ ಎಂದು ಹೇಳಿದಳು.

ಮಾರನೆಯ ಮುಂಜಾನೆ ನೀರು ತರಲು ಹಿತ್ತಲಿಗೆ ಹೋದಾಗ ಬೇವಿನ ಮರದ ಆಚೆ ಅತ್ತೆ ಗೋಡೆ ಹಿಡಿದು ಬಾಗಿದ್ದಳು. ಸೆರಗಿನ ಮುದ್ದೆಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಸದ್ದು ಹೊರಬಾರದ ಹಾಗೆ ಕೆಮ್ಮುತ್ತಿದ್ದಳು. ಬೆನ್ನು ಮಾತ್ರ ಜಗ್ಗಿ ಜಗ್ಗಿ ಏಳುತ್ತಿತ್ತು. ನನ್ನನ್ನು ಕಂಡು ಸೆರಗನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು.

"ಹೊಗಿ ಕುಡದೀನಿ, ಅದಕ್ಕ," ಅಂದಳು. ಒಲೆ ಇನ್ನೂ ಹೊತ್ತಿಸಿರಲಿಲ್ಲ.

ನಾನು ಹತ್ತಿರ ಹೋಗಿ ಕೈ ಹಿಡಿದೆ. ಮೈ ಸುಡುತ್ತಿತ್ತು. ಬಾವಿಯ ಕಟ್ಟೆಯ ಮೇಲೆ ಕೂತು ಅವಳು ನಿಧಾನವಾಗಿ ಮಾತಾಡಿದಳು. "ಬ್ಯಾನಿ ಬಂದಾಗ ನನ್ನ ತಾಟು ಬ್ಯಾರೆ ಇಟ್ರು ಕರುಣಾ. ನಿಮ್ಮವ್ವ ಸುದ್ದಾ. ನಾ ಮುಟ್ಟಿದ ಕೊಡ ಬೂದಿ ಹಚ್ಚಿ ತೊಳದ್ರು. ಸಭಿಯಾಗ ಕುಂತ್ರ ಬಾಜೂದವ್ರು ಎದ್ದು ಆಕಡಿ ಹೋಗೋರು. ಆ ವೇದಿಕೀ ಮ್ಯಾಲ ಹತ್ತಿ ಇಳದ ಮ್ಯಾಲ ಯಾರೂ ಎದ್ದು ಹೋಗಿಲ್ಲ. ನಿನ್ನಿ ನನ್ನ ಕೈಯಾಗಿನ ಅನ್ನ ಉಂಡ್ರು, ನೀನೂ ನೋಡಿದಿ. ನಿಮ್ಮಪ್ಪನ ಫೋಟೋದಾಗ ಇದು ಕಾಣ್ತದೇನು?"

 ಅವಳು ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದಳು. "ನಿಮ್ಮಪ್ಪಗ ಹೇಳಬ್ಯಾಡ. ಆಣಿ ಮಾಡು."

"ಮಾಡಂಗಿಲ್ಲ ಅತ್ತಿ. ಹೇಳ್ತೀನಿ. ನಿನ್ನ ಮುಂದ ಹೇಳಿ ಹೋಗಾಕತ್ತೀನಿ, ಕದ್ದು ಅಲ್ಲ."

ಅವಳು ಕೈ ಬಿಟ್ಟಳು. ನಾನು ಬಟ್ಟೆ ಕಟ್ಟಿಕೊಂಡು ಹೊರಡುವಾಗ ಬಾಗಿಲಿಗೂ ಬರಲಿಲ್ಲ.

ಮನೆಯಲ್ಲಿ ಹೇಳಿದಾಗ ಅವ್ವ ಮೊದಲು ಸಿಟ್ಟಾದಳು, ಆಮೇಲೆ ಅತ್ತಳು. ಅಪ್ಪ ಮಾತ್ರ ಕಿಟಕಿಯ ಹೊರಗೆ ನೋಡುತ್ತ, "ಜೂನಿಗೆ ಸಾಲಿ ಚಾಲೂ ಆಗ್ತದ. ಆ ಸಣ್ಣ ಹುಡುಗೀರ ತಾಟಿಗೆ ಆಕಿ ಬಡಸ್ತಾಳ" ಎಂದ.  ಮತ್ತೊಮ್ಮೆ ದೇವದುರ್ಗಕ್ಕೆ ಹೋದ. ಅತ್ತೆ ಕದ ತೆಗೆಯಲಿಲ್ಲ. ಬಿಸಿಲಲ್ಲಿ ಹೊಸ್ತಿಲ ಮುಂದೆ ಬಹಳ ಹೊತ್ತು ಕೂತು ಬಂದ. ಇತ್ತ ಮೆಹಬೂಬ್ ಸಾಬರಿಂದ ದಿನಾ ಹೇಳಿಕೆ. ಕೊನೆಯ ಅಧ್ಯಾಯ ಎಲ್ಲಿ, ಅಚ್ಚಿನ ಮೊಳೆಗಳೆಲ್ಲ ಇದರಲ್ಲೇ ಸಿಕ್ಕಿಕೊಂಡಿವೆ, ಮದುವೆ ಪತ್ರಿಕೆಗಳು ನಿಂತಿವೆ.

ಪಾಸ್ಟರ್ ಅಯ್ಯನವರು ಸಭೆಯ ಇಬ್ಬರು ಹಿರಿಯರನ್ನು ಕರೆದುಕೊಂಡು ಮತ್ತೆ ಬಂದರು. ಅಪ್ಪ ತಂಗಿಯ ಜ್ವರದ ಸಂಗತಿ ಹೇಳಿದ. ಅವರು ನಂಬಲಿಲ್ಲ. ಅದು ಸೈತಾನನ ಕಾಟ, ವಿಶ್ವಾಸ ಅಲ್ಲಾಡಿಸಲು ಬರುವ ಸುಳ್ಳು ಕೆಮ್ಮು ಎಂದರು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಪಾಸ್ಟರ್ ಅಯ್ಯನವರು ಒಂದು ಮಾತು ಅಂದೇಬಿಟ್ಟರು.

"ನಿಮ್ಮ ಮಗ ಉಳೀಲಿಲ್ಲ. ತಂಗಿಗೆ ಆಗಿದ್ದು ಮಗನಿಗೆ ಯಾಕ ಆಗಲಿಲ್ಲ ಅನ್ನೋ ಸಿಟ್ಟು ನಿಮಗದ ಮಾಸ್ತರ. ಅದಕ್ಕ ಒಪ್ಪವಲ್ರಿ."

ಅಡುಗೆಮನೆಯಲ್ಲಿ ಅವ್ವನ ಕೈಯಿಂದ ಏನೋ ಬಿತ್ತು.  ಅಪ್ಪ ಎದ್ದು ಹೊಡೆಯುತ್ತಾನೆಂದೇ ನಾನು ಅಂದುಕೊಂಡೆ. ಅವನು ಮಾತ್ರ ತಗ್ಗಿದ ದನಿಯಲ್ಲಿ, "ಸಿಟ್ಟು ಇತ್ರಿ. ಅದನ್ನ ಬರದು ಮುಗಿಸೀನಿ. ಈಗ ಇರೋದು ಹೆದರಿಕಿ. ಇನ್ನೊಂದು ಮಣ್ಣು ಮಾಡೋ ಹೆದರಿಕಿ" ಎಂದ. ಬಂದವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ಆದರೂ ದೊಡ್ಡ ಸಭೆಯಲ್ಲಿ ಮಾತಾಡುವವರ ಸಾಲಿನಿಂದ ಅಪ್ಪನ ಹೆಸರನ್ನು ಅವರು ತೆಗೆಯಲಿಲ್ಲ. ವೇದಿಕೆಗೆ ಬಂದರೆ ಜನರನ್ನು ಕಂಡು ಮನಸ್ಸು ಕರಗೀತು ಎಂದುಕೊಂಡಿರಬೇಕು.

ಸಭೆಯ ದಿನ ರಾಯಚೂರು ಕಾದ ಬಾಣಲೆಯಾಗಿತ್ತು. ಶಾಲೆಯೊಂದರ ಮೈದಾನದಲ್ಲಿ ಶಾಮಿಯಾನ. ಗಿಲ್ಲೆಸುಗೂರು, ಯರಗೇರಾ ಕಡೆಯಿಂದೆಲ್ಲ ಬಸ್ಸು ಹಿಡಿದು, ಬಂಡಿ ಕಟ್ಟಿಕೊಂಡು ಜನ ಬಂದಿದ್ದರು. ಮಂಚದ ಮೇಲೆ ಹೊತ್ತು ತಂದ ರೋಗಿಗಳನ್ನು ಮುಂದಿನ ಸಾಲಿನಲ್ಲಿ ಮಲಗಿಸಿದ್ದರು. ತೆಲುಗಿನ ಹಾಡುಗಳು ಮೈಕಿನಲ್ಲಿ ಒಡೆದು ಕೇಳುತ್ತಿದ್ದವು. ಆಂಧ್ರದ ಬೋಧಕ ದೊಡ್ಡ ಕುರ್ಚಿಯಲ್ಲಿ ಕೂತಿದ್ದ. ಪಕ್ಕದಲ್ಲಿ ಸುಗುಣತ್ತೆ. ಬಿಳಿ ಸೀರೆ, ಮಿಂಚುವ ಕಣ್ಣು. ಅದು ಜ್ವರದ ಮಿಂಚು ಎಂದು ನನಗೆ ಗೊತ್ತಿತ್ತು.

ಹೆಸರು ಕರೆದಾಗ ಅಪ್ಪ ಮೊದಲು ಅವಳ ಹತ್ತಿರ ಹೋಗಿ ಮೆಲ್ಲಗೆ ಹೇಳಿದ. ನಾನು ಹಿಂದೆಯೇ ಇದ್ದೆ. "ಸುಗುಣೀ, ನಿನ್ನ ಹೆಸರು ನಾ ಎತ್ತಂಗಿಲ್ಲ. ನಿನ್ನ ಮಾನ ನಾ ಕಳೆಯಂಗಿಲ್ಲ. ಆದ್ರ ನನ್ನ ಬಾಯಿಲೆ ಸುಳ್ಳು ಬರಂಗಿಲ್ಲ." ಅವಳು ಬೇರೆ ಕಡೆ ನೋಡುತ್ತಿದ್ದಳು.

ಅಪ್ಪ ಮೈಕಿನ ಮುಂದೆ ನಿಂತ. 

"ದೇವರು ಸತ್ತವರನ್ನ ಎಬ್ಬಸ್ತಾನ ಅಂತ ನಾ ನಂಬೀನಿ. ಅದನ್ನ ಮೂರು ಪುಸ್ತಕದಾಗ ಬರದೀನಿ. ಅದಕ್ಕ ಇವತ್ತು ಹೇಳಾಕತ್ತೀನಿ, ಕೇಳ್ರಿ. ಗುಣ ಆಗ್ಯದ ಅಂತ ಔಷಧ ಚೆಲ್ಲಿದವ್ರು ಯಾರಾರ ಇದ್ರ ನಾಳೆ ದವಾಖಾನಿಗೆ ಹೋಗ್ರಿ. ತೋರಸ್ರಿ. ನಿಜವಾಗಿ ಗುಣ ಆಗಿದ್ರ ಡಾಕ್ಟರೂ ಅದನ್ನೇ ಹೇಳ್ತಾರ, ಅವರ ಬಾಯಿಲೇ ದೇವರಿಗೆ ಮಹಿಮಿ ಬರ್ತದ. ಆಗಿಲ್ಲಂದ್ರ ಗುಳಿಗಿ ತಗೋರಿ. ಅದ್ರಿಂದ ದೇವರಿಗೆ ಅವಮಾನ ಇಲ್ಲ. ಸುಳ್ಳು ಸಾಕ್ಷಿಯಿಂದ ಅವಮಾನ ಅದ..."

ಅಷ್ಟಕ್ಕೆ ಯಾರೋ ಮೈಕಿನ ತಂತಿ ಎಳೆದರು. ಅಪ್ಪ ಇನ್ನೂ ತುಟಿ ಅಲ್ಲಾಡಿಸುತ್ತಿದ್ದ. ಹಿಂದಿನಿಂದ "ಅವಿಶ್ವಾಸಿ!" ಎಂಬ ಕೂಗು ಎದ್ದಿತು. ಮುಂದಿನ ಸಾಲಿನ ಒಬ್ಬ, ಮಡಿಲಲ್ಲಿ ಕಾಲು ಸೊಟ್ಟಾದ ಮಗಳನ್ನು ಮಲಗಿಸಿಕೊಂಡಿದ್ದವನು, ಅವಳನ್ನು ಹೆಂಡತಿಗೆ ಕೊಟ್ಟು ಮೇಲೆ ಹತ್ತಿ ಬಂದು ಅಪ್ಪನ ಅಂಗಿಯ ಕಾಲರು ಹಿಡಿದ. "ನಮ್ಮ ಕಡೀ ಆಸಿ ಸುದ್ದಾ ಕಸೀತಿಯೇನೋ?" ಎಂದು ಅಳುತ್ತ ಅಲ್ಲಾಡಿಸಿದ. ಅಪ್ಪ ಕೈ ಎತ್ತಲಿಲ್ಲ. ಕನ್ನಡಕ ಕೆಳಗೆ ಬಿದ್ದು ಯಾರದೋ ಕಾಲಡಿ ಪುಡಿಯಾಯಿತು. ಪಾಸ್ಟರ್ ಅಯ್ಯನವರೇ ನಡುವೆ ನುಗ್ಗಿ ಬಿಡಿಸಿದರು.

ಆಗ ಸುಗುಣತ್ತೆ ಎದ್ದಳು. ಮೈಕು ಮತ್ತೆ ಜೀವಗೊಂಡಿತ್ತು.  ಅವಳು ಅಣ್ಣನನ್ನು ನೋಡಿದಳು, ಕಾಲರು ಹರಿದು ನೇತಾಡುತ್ತಿದ್ದುದನ್ನು ನೋಡಿದಳು. ಆಮೇಲೆ ಜನರ ಕಡೆ ತಿರುಗಿ, ಸ್ಪಷ್ಟವಾಗಿ ಹೇಳಿದಳು. "ನನಗ ಪೂರಾ ಗುಣ ಆಗ್ಯದ."

ಮೈದಾನವೆಲ್ಲ ಗುಡುಗಿತು. ಆ ಗದ್ದಲದ ನಡುವೆ ನಾನೂ ಅಪ್ಪನೂ ನಡೆದು ಹೊರಗೆ ಬಂದೆವು. ದಾರಿ ಸರಿಯಾಗಿ ಕಾಣದೆ ಅವನು ನನ್ನ ಭುಜ ಹಿಡಿದಿದ್ದ. ಪ್ರೆಸ್ಸಿಗೆ ಹೋದಾಗ ಮೆಹಬೂಬ್ ಸಾಬರು ಅಪ್ಪನ ಅಂಗಿ ನೋಡಿ ಏನೂ ಕೇಳದೆ ಚಹಾ ತರಿಸಿದರು. ಅಪ್ಪ ಲೋಟ ಮುಟ್ಟದೆ ಹೇಳಿದ. "ಸಾಬ್, ಮೊಳಿ ಬಿಚ್ಚಿಬಿಡ್ರಿ. ಮದುವಿ ಕಾರ್ಡು ಹಾಕ್ಕೋರಿ."

"ಬಿಚ್ಚಂಗಿಲ್ಲ," ಅಂದರು ಸಾಬರು. "ಮದುವಿ ಮಂದಿಗೆ ನಾ ಏನಾರ ಹೇಳ್ಕೋತೀನಿ. ನೀವು ಚಾ ಕುಡೀರಿ ಮೊದ್ಲು."

ಮಾನ್ವಿಯಲ್ಲಿ ನಮ್ಮನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಭಾನುವಾರ ಆರಾಧನೆಯಲ್ಲಿ ನಮ್ಮ ಚಾಪೆಯ ಸುತ್ತ ಜಾಗ ಖಾಲಿ ಉಳಿಯತೊಡಗಿತು. ಅಪ್ಪ ದೊಡ್ಡವರಿಗೆ ನಡೆಸುತ್ತಿದ್ದ ಬೈಬಲ್ ಪಾಠವನ್ನು ಬೇರೆಯವರಿಗೆ ಕೊಟ್ಟರು. ಅವ್ವ ನೀರಿಗೆ ಹೋದರೆ ಒಬ್ಬಳೇ ಬರುತ್ತಿದ್ದಳು. ಒಂದು ಸಂಜೆ ಅವಳು ಅಪ್ಪನ ಮುಂದೆ ನಿಂತು, "ನೀ ಸುಮ್ಮನಿದ್ರ ಏನಾಗ್ತಿತ್ತು?" ಎಂದು ಕೇಳಿದಳು. ಜಗತ್ತಿನ ಪ್ರಶ್ನೆಗಳಿಗೆಲ್ಲ ಉತ್ತರ ಬರೆದವನು ಹೆಂಡತಿಯ ಪ್ರಶ್ನೆಗೆ ತಲೆ ತಗ್ಗಿಸಿ ಕೂತ. ಹೊಸ ಕನ್ನಡಕ ಮಾಡಿಸುವ ಉಮೇದೂ ಅವನಿಗಿರಲಿಲ್ಲ.

ಜೂನ್ ಬಂತು. ಶಾಲೆ ತೆರೆಯುವ ದಿನ ಹತ್ತಿರವಾದಂತೆ ಅಪ್ಪ ಹಾಸ್ಟೆಲ್ಲಿನ ಮೇಲ್ವಿಚಾರಕಿಗೆ ತಾನೇ ಹೋಗಿ ಹೇಳುವುದೆಂದು ನಿಶ್ಚಯಿಸಿದ. ತಂಗಿ ಇನ್ನು ಜನ್ಮದಲ್ಲಿ ಮುಖ ನೋಡುವುದಿಲ್ಲ ಎಂದು ಗೊತ್ತಿದ್ದೇ ಅಂಗಿ ತೊಟ್ಟು ನಿಂತಿದ್ದ. ಮೊದಲ ಮಳೆಯ ಮೋಡ ಕವಿದು ಅಂಗಳ ಮಬ್ಬಾಗಿತ್ತು. ಆಗ ಬಾಗಿಲಲ್ಲಿ ಯಾರೋ ನಿಂತಂತಾಯಿತು. ಕೈಚೀಲ ಹಿಡಿದ ಸುಗುಣತ್ತೆ. ಮೂರು ವಾರದಲ್ಲಿ ಅರ್ಧವಾಗಿದ್ದಳು. ಹೊಸ್ತಿಲು ದಾಟದೆ ಅಲ್ಲಿಯೇ ಕುಸಿದು ಕೂತಳು.

"ನಿನ್ನಿ ಹುಡುಗೀರು ಬಂದ್ರಣ್ಣಾ," ಅಂದಳು. ಪ್ರತಿ ಮಾತಿಗೂ ಉಸಿರು ಎಳೆಯುತ್ತಿದ್ದಳು. "ಮೊದ್ಲನೇ ಪಂಕ್ತಿ. ಮುಂದ ಒಂದು ಸಣ್ಣ ಹುಡುಗಿ ತಾಟು ಹಿಡಕೊಂಡು ನಿಂತಿತ್ತು. ನನ್ನ ಮುಖ ನೋಡಿ ನಕ್ಕಿತು. ಅಷ್ಟರಾಗ ಕೆಮ್ಮು ಒತ್ತಿ ಬಂತು. ಸೌಟು ಕೆಳಗಿಟ್ಟು ಬಂದುಬಿಟ್ಟೆ. ಮೇಲ್ವಿಚಾರಕಿಗೆ ಎಲ್ಲಾ ಹೇಳಿ ಬಂದೆ. ನಡಿ, ಎಲ್ಲಿ ಫೋಟೋ ತಗಸ್ತಿ ತಗಸು."

 ಅಪ್ಪ ಹೊಸ್ತಿಲ ಮೇಲೆ ಅವಳ ಪಕ್ಕ ಕೂತು ಚಿಕ್ಕ ಮಗುವಿನ ಹಾಗೆ ಅತ್ತ. ಅವ್ವ ಓಡಿಬಂದು ಅತ್ತೆಯ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು.

ರಾಯಚೂರಿನ ದವಾಖಾನೆಯಲ್ಲಿ ಚಿತ್ರವನ್ನು ಬೆಳಕಿಗೆ ಹಿಡಿದ ಡಾಕ್ಟರು ಮೊದಲು ಬೈದರು, ಆಮೇಲೆ ಮೃದುವಾದರು. ಎರಡೂ ಕಡೆ ಹಬ್ಬಿದೆ, ನಡುವೆ ಔಷಧ ಬಿಟ್ಟಿದ್ದಕ್ಕೆ ಇನ್ನು ಕಷ್ಟ ಹೆಚ್ಚು, ಉಳಿದರೆ ಪುಣ್ಯ ಎಂದರು. ಅಲ್ಲಿಂದ ಇಡೀ ಮಳೆಗಾಲ ಅತ್ತೆ ನಮ್ಮ ಮನೆಯಲ್ಲಿ. ಸೂಜಿ ಚುಚ್ಚಿ ಚುಚ್ಚಿ ಅವಳ ಸೊಂಟ ಕಲ್ಲಾಯಿತು, ಆ ಇಂಜೆಕ್ಷನ್ನಿನಿಂದಲೇ ಒಂದು ಕಿವಿ ಮಂದವಾಯಿತು. ಎಷ್ಟೋ ಬೆಳಗುಗಳಲ್ಲಿ ಅವಳ ಉಸಿರು ಇದೆಯೋ ಇಲ್ಲವೋ ಎಂದು ನಾನು ಬಾಗಿ ನೋಡಿದ್ದುಂಟು.

ಶ್ರಾವಣದ ಒಂದು ಮಧ್ಯಾಹ್ನ, ಜಡಿಮಳೆ, ಅಪ್ಪ ಅವಳ ಮಂಚದ ಹತ್ತಿರ ಕೂತು ಗುಳಿಗೆ ಕೊಡುತ್ತಿದ್ದ. ಅತ್ತೆ ಕೇಳಿದಳು. "ನಾ ಅವತ್ತು ಹೇಳಿದ್ದು ಪೂರಾ ಸುಳ್ಳಂತ ಬರೀತಿಯೇನು ಪುಸ್ತಕದಾಗ?"

ಅಪ್ಪ ನೀರಿನ ಲೋಟವನ್ನು ಅವಳ ಕೈಗೆ ಕೊಟ್ಟ.

"ಹಂಗ ಬರೀಬ್ಯಾಡ. ಎದೀದು ಗುಣ ಆಗಿರಲಿಲ್ಲ, ಖರೆ. ಇನ್ನೊಂದು ಬ್ಯಾನಿ ಇತ್ತಲ್ಲ, ಮಂದಿ ದೂರ ಇಡೋದು. ಅದು ಗುಣ ಆಗಿತ್ತು. ಅದನ್ನ ಬಿಟ್ಟುಕೊಡಾಕ ನನಗ ಆಗಲಿಲ್ಲ. ಇಷ್ಟು ಬರಿ."

"ಬರೀತೀನಿ," ಅಂದ ಅಪ್ಪ. "ಅದಕ್ಕ ನನ್ನ ಹತ್ರ ಜವಾಬು ಇಲ್ಲ, ಅದನ್ನೂ ಬರೀತೀನಿ."

ಕೊನೆಯ ಅಧ್ಯಾಯ ಅದೇ ಆಯಿತು. ಬರೆದು ಮುಗಿಸಿ, ಎಂದಿನಂತೆ, ಯಾರ ಬಗ್ಗೆ ಬರೆದಿದ್ದನೋ ಅವಳಿಗೇ ಓದಿ ಹೇಳಿ, "ಸಣ್ಣದು ಮಾಡಿಲ್ಲಲ್ಲ?" ಎಂದು ಕೇಳಿದ. ಮೆಹಬೂಬ್ ಸಾಬರು ಮೊಳೆ ಬಿಚ್ಚದೆ ಇಟ್ಟ ಪುಟಗಳಿಗೆ ಈ ಪುಟಗಳು ಸೇರಿ ಪುಸ್ತಕ ಬಂತು. ಬಿಡುಗಡೆ ಎಂಬುದೇನೂ ಆಗಲಿಲ್ಲ. ಮಾನ್ವಿಯಲ್ಲಿ ಅದನ್ನು ಕೊಂಡವರು ಕಡಿಮೆ, ಎರವಲು ತಂದು ಓದಿದವರು ಬಹಳ.

ಮುಂದಿನ ಬೇಸಿಗೆ ಬರುವ ಹೊತ್ತಿಗೆ ಅತ್ತೆಯ ಕಫದಲ್ಲಿ ರೋಗವಿಲ್ಲ, ಇನ್ನು ಯಾರಿಗೂ ಹರಡುವುದಿಲ್ಲ ಎಂದು ಡಾಕ್ಟರು ಹೇಳಿದರು. ಹಾಸ್ಟೆಲ್ಲಿನವರು ಮಾತ್ರ ಅಡುಗೆಗೆ ಮತ್ತೆ ಕರೆಯಲಿಲ್ಲ. ಅಪ್ಪ ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಎಂದು ಸಭೆಯ ಹಿರಿಯರನ್ನೆಲ್ಲ ಮನೆಗೆ ಕರೆದ. ಅಡುಗೆ ಸುಗುಣಳದು ಎಂದು ಮೊದಲೇ ತಿಳಿಸಿದ. ರಾಯಚೂರಿನಿಂದ ಮೆಹಬೂಬ್ ಸಾಬರು ಬೆಳಗಿನ ಬಸ್ಸಿಗೇ ಬಂದರು. ಹಿರಿಯರಲ್ಲಿ ಒಬ್ಬರಿಗೆ ಹೊಟ್ಟೆನೋವಂತೆ, ಇನ್ನೊಬ್ಬರಿಗೆ ಊರಿಗೆ ಹೋಗುವುದಿತ್ತಂತೆ. ತಾಟು ಹಾಕಿ ಕಾದೆವು. ಅತ್ತೆ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು. ಹೊರಗೆ ಸೈಕಲ್ಲಿನ ಸದ್ದಾಯಿತು.

ಪಾಸ್ಟರ್ ಸತ್ಯಾನಂದ ಅಯ್ಯನವರು ಒಬ್ಬರೇ ಒಳಗೆ ಬಂದರು. ಅಪ್ಪನ ಕಡೆ ನೋಡದೆ ಚಾಪೆಯ ಮೇಲೆ ಕೂತರು. ಅತ್ತೆ ರೊಟ್ಟಿ, ಪುಂಡಿಪಲ್ಯ ಬಡಿಸಿದಳು.  ಪಾಸ್ಟರ್ ಅಯ್ಯನವರು ತಾಟನ್ನು ನೋಡುತ್ತ ಕೂತೇ ಇದ್ದರು. ಪ್ರಾರ್ಥನೆ ಹೇಳಲು ಬಾಯಿ ತೆರೆದವರು ಹೇಳಲಾರದೆ ಮುಚ್ಚಿದರು. 'ಮಗನಿಗೆ ಯಾಕ ಆಗಲಿಲ್ಲ' ಎಂದ ಬಾಯಿ ಅದು.  ಕೊನೆಗೆ ಅವರು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು. ತಲೆ ಎತ್ತದೆ ತಾಟಿನದೆಲ್ಲ ಉಂಡರು. ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು.

ಕೈ ತೊಳೆದು, ಟವೆಲಿನಿಂದ ಒರೆಸಿಕೊಳ್ಳುತ್ತ, ಅತ್ತೆಯ ಮಂದ ಕಿವಿಗೆ ಕೇಳಲೆಂದು ದೊಡ್ಡ ದನಿಯಲ್ಲಿ ಹೇಳಿದರು. "ಸುಗುಣಮ್ಮಾ, ಬರೋ ಐತ್ವಾರ ಸಭೀದು ಊಟ ಅದ. ಅಡಗಿ ನೀನ ಮಾಡಬೇಕು."

ಅಪ್ಪನಿಂದ ಕಿತ್ತುಕೊಂಡ ಪಾಠದ ಬಗ್ಗೆ ಅವರು ಏನೂ ಹೇಳಲಿಲ್ಲ. ಅಪ್ಪನೂ ಕೇಳಲಿಲ್ಲ. ಅವನು ತಂಗಿಯನ್ನೇ ನೋಡುತ್ತಿದ್ದ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತಳು.

"ಎಷ್ಟು ಮಂದಿಗ್ರಿ?" ಎಂದು ಕೇಳಿದಳು.